ಹೆಂಡದ ಮಾರಯ್ಯನವರೂ ವ್ಯಾಖ್ಯಾನಕಾರರ ಸಂಕೋಚವೂ

ಶರಣರ ವಚನಗಳನ್ನು ಕಾಯಕದ ದೃಷ್ಟಿಯಿಂದ ಪರಿಶೀಲಿಸುವ ವಿದ್ವಾಂಸರು ಜೇಡರ ದಾಸಿಮಯ್ಯನವರ ಮಗ್ಗವನ್ನೂ ಅಂಬಿಗರ ಚೌಡಯ್ಯನವರ ದೋಣಿಯನ್ನೂ ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಹೆಂಡದ ಮಾರಯ್ಯನವರ ಬಳಿಗೆ ಬಂದೊಡನೆ ಮಾತ್ರ ಲೇಖನಿ ಅವಸರಪಡುತ್ತದೆ. ‘ಧರ್ಮೇಶ್ವರಲಿಂಗ’ ಅಂಕಿತದ 12 ವಚನಗಳಷ್ಟೇ ದೊರೆತಿರುವುದು ಒಂದು ನೆಪ. ನಿಜವಾದ ಕಾರಣ ಸಂಕೋಚ. ಹೆಂಡವೆಂದರೆ ಜ್ಞಾನಾಮೃತವೆಂದು ಒಂದೇ ವಾಕ್ಯದಲ್ಲಿ ತೀರಿಸಿ ಮುಂದೆ ಸಾಗುವುದು ರೂಢಿಯಾಗಿದೆ.

ರೂಪಕವನ್ನು ಅರಿಯಬೇಕಾದರೆ ಮೊದಲು ಪದಾರ್ಥವನ್ನು ಅರಿಯಬೇಕು. ಮದ್ದೂರು, ಮಳವಳ್ಳಿ ಕಡೆಯ ಹಳ್ಳದ ದಂಡೆಗಳಲ್ಲಿ ಈಚಲು ಮರಗಳನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಮರದ ಸುಳಿಯ ಕೆಳಗೆ ಕೆತ್ತಿ ಸಂಜೆ ಮಡಕೆ ಕಟ್ಟಿದರೆ ಬೆಳಗಿನ ಜಾವಕ್ಕೆ ಇಳಿದ ರಸ ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ನೊರೆಯೆದ್ದು ಹುಳಿಯಾಗಿ ಅಮಲೇರುತ್ತದೆ. ಧಾನ್ಯದ ಮದ್ಯಕ್ಕೆ ಹಾಕುವಂತೆ ಇದಕ್ಕೆ ಹೊರಗಿನಿಂದ ಏನನ್ನೂ ಸೇರಿಸಬೇಕಿಲ್ಲ. ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ಅದೇ ರಸ ನೀರಾ ಆಗಿ ಉಳಿಯುತ್ತದೆ. ನಿನ್ನೆಯ ಗಷ್ಟು ಉಳಿದ ಮಡಕೆಯಲ್ಲಾದರೆ ಬಹುಬೇಗ ಹುಳಿಯುತ್ತದೆ. ಹಳೆಯ ಮಡಕೆಯ ವಾಸನೆ ಹೊಸ ರಸವನ್ನು ಕೆಡಿಸುತ್ತದೆಯೆಂಬ ಈ ಅನುಭವದ ಎದುರಿಗೆ, ಪೂರ್ವಸಂಸ್ಕಾರವನ್ನು ‘ವಾಸನೆ’ಯೆನ್ನುವ ಶಾಸ್ತ್ರದ ಮಾತನ್ನು ಇಟ್ಟು ನೋಡಬೇಕು. ದೇಹವೆಂಬ ಮಡಕೆಯ ಮಾತು ಇಂಥ ಕಾಯಕದವನ ಬಾಯಲ್ಲಿ ಬಂದಾಗ ಅದು ಅಲಂಕಾರ ಮಾತ್ರವಲ್ಲ.

ಮದ್ಯದ ವರ್ಣನೆ ಕನ್ನಡಕ್ಕೆ ಹೊಸದಾಗಿರಲಿಲ್ಲ. 10ನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ ಮದಿರಾಪಾನವನ್ನು ಅರಸರ ವಿನೋದಗಳಲ್ಲಿ ಎಣಿಸುತ್ತದೆ. ಅಲ್ಲೆಲ್ಲ ಕುಡಿಯುವವರೇ ಕಾಣುತ್ತಾರೆ. ಮಾರುವವನೇ ಮಾತನಾಡಿದ್ದು 12ನೆಯ ಶತಮಾನದ ವಚನದಲ್ಲಿ.

ಶರಣಾಚಾರದಲ್ಲಿ ಮದ್ಯ ನಿಷಿದ್ಧವಾಗಿರುವಾಗ ಹೆಂಡ ಮಾರುವವರಿಗೆ ಸ್ಥಾನವೆಂತು ಎಂಬ ಪ್ರಶ್ನೆ ಭಕ್ತರಲ್ಲಿ ಏಳುವುದು ಸಹಜ. ಹೆಂಡ ಮಾರುತ್ತಲೇ ಕುಡಿಯಬೇಡಿರೆಂದು ಬೋಧಿಸಿದರೆಂದು ಸಮಾಧಾನ ಹೇಳುವವರುಂಟು. ನನಗೆ ಅದು ಒಪ್ಪಿಗೆಯಾಗದು; ಹಾಗೆ ಹೇಳಿ ನಾವು ಅವರನ್ನಲ್ಲ, ನಮ್ಮ ಮುಜುಗರವನ್ನು ಕಾಪಾಡಿಕೊಳ್ಳುತ್ತೇವೆ. ಹೆಂಡವೆಲ್ಲ ಬರಿಯ ಸಂಕೇತವೆಂದರೆ ಕಾಯಕ ಅಳಿಯುತ್ತದೆ. ಬರಿಯ ವ್ಯಾಪಾರವೆಂದರೆ ಅನುಭಾವ ಅಳಿಯುತ್ತದೆ. ದಿನವೂ ಅಮಲೇರಿದವರನ್ನು ಎದುರಿಗೆ ಕಂಡವರು ಅಮಲನ್ನು ಕುರಿತು ಹೇಳಿದ ಮಾತೆಂದೇ ಆ ವಚನಗಳನ್ನು ಓದಬೇಕು. ಓಲೆಗರಿಗಳಲ್ಲಿ ಅವುಗಳನ್ನು ಉಳಿಸಿಕೊಟ್ಟವರಾರೂ ಅವರ ಹೆಸರಿನ ಹಿಂದಿನ ‘ಹೆಂಡದ’ ಎಂಬ ಪದವನ್ನು ಅಳಿಸಲಿಲ್ಲ.