ಶರಣರಿಗೆ ಉದಾರವಾದದ ಪ್ರಶಸ್ತಿಪತ್ರ: ಒಂದು ವಿಮರ್ಶೆ

ಸದ್ಭಕ್ತರೂ ನಮ್ಮ ಮಠದ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳೂ ಆದ ವಾಚಕ ಬಂಧುಗಳೆ,

ಈಚೆಗೆ ನಮ್ಮ ಪ್ರಸಾದ ನಿಲಯದಲ್ಲಿಯೇ ಉಂಡು, ಓದಿ, ಬೆಳೆದ ತರುಣನೊಬ್ಬನು ತನ್ನ ಪಿಎಚ್.ಡಿ. ಮಹಾಪ್ರಬಂಧದ ಪ್ರತಿಯನ್ನು ತಂದು ನಮ್ಮ ಮುಂದಿರಿಸಿ, "ಅಜ್ಜಾರ, ಓದಿ ಎರಡು ಮಾತು ಬರದು ಆಶೀರ್ವಾದ ಮಾಡ್ರಿ" ಎಂದು ಕೇಳಿಕೊಂಡನು. ಶರಣ ಚಳುವಳಿಯಲ್ಲಿ ಕಂಡುಬರುವ ರಾಜಕೀಯ, ಸಾಮಾಜಿಕ ಮತ್ತು ಶೈಕ್ಷಣಿಕ ಉದಾರ ವಿಚಾರಗಳು ಎಂಬುದು ಆ ಪ್ರಬಂಧದ ವಿಷಯ. ನಾವು ಅದನ್ನು ಆದ್ಯಂತವಾಗಿ ಓದಿದೆವು. ಆಶೀರ್ವಾದವನ್ನೂ ಮಾಡಿದೆವು. ಆದರೆ ಬರೆಯಬೇಕಾಗಿದ್ದ ಎರಡು ಮಾತು ಎರಡಕ್ಕೇ ನಿಲ್ಲಲಿಲ್ಲ. ಅವು ಆ ತರುಣನೊಬ್ಬನಿಗೇ ಸಲ್ಲತಕ್ಕ ಮಾತುಗಳೂ ಆಗಿರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದೇ ಅಚ್ಚಿನ ಪ್ರಬಂಧಗಳು ವರ್ಷ ವರ್ಷವೂ ಸಿದ್ಧವಾಗುತ್ತಿವೆ. ನಮ್ಮ ಮಠಗಳ ವಿಚಾರ ಸಂಕಿರಣಗಳಲ್ಲಿ ಇದೇ ಮಾತುಗಳಿಗೆ ಚಪ್ಪಾಳೆ ಬೀಳುತ್ತಿದೆ. ಆದುದರಿಂದ ಅವನ್ನು ತಮ್ಮೆಲ್ಲರ ಮುಂದೆ ಇಡುವುದು ಲೇಸೆಂದು ತೋರಿತು.

ಮೊದಲು ಗುಣವನ್ನು ಹೇಳಬೇಕು. ಸಂಶೋಧಕನು ವಚನಗಳನ್ನು ಮೂಲದಲ್ಲಿಯೇ ಓದಿದ್ದಾನೆ. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಹದಿನೈದು ವಚನ ಸಂಪುಟಗಳನ್ನು ಪರಿಶ್ರಮದಿಂದ ಬಳಸಿಕೊಂಡಿದ್ದಾನೆ. ಭಾಷೆ ಶುದ್ಧವಾಗಿದೆ. ದೋಷವಿರುವುದು ಪ್ರಬಂಧದ ಅಳತೆಗೋಲಿನಲ್ಲಿ. ಪಶ್ಚಿಮ ದೇಶಗಳ ಉದಾರವಾದದ ಲಕ್ಷಣಗಳನ್ನು ಮೊದಲ ಅಧ್ಯಾಯದಲ್ಲಿ ಪಟ್ಟಿ ಮಾಡಿ, ಮುಂದಿನ ಅಧ್ಯಾಯಗಳಲ್ಲಿ ಒಂದೊಂದು ಲಕ್ಷಣಕ್ಕೂ ನಾಲ್ಕೈದು ವಚನಗಳನ್ನು ಹೊಂದಿಸಿ, ಕೊನೆಗೆ ಶರಣರು ಉತ್ತೀರ್ಣರಾದರೆಂದು ಪ್ರಶಸ್ತಿಪತ್ರ ಬರೆದುಕೊಟ್ಟಂತಾಗಿದೆ. ಪರೀಕ್ಷಕನ ಸ್ಥಾನದಲ್ಲಿ ಲಾಕ್ ಮತ್ತು ಮಿಲ್ ಕುಳಿತಿದ್ದಾರೆ. ಬಸವಣ್ಣನವರು ಪರೀಕ್ಷಾರ್ಥಿಯ ಬೆಂಚಿನ ಮೇಲಿದ್ದಾರೆ. ಇದನ್ನು ನಾವು ಅಭಿಮಾನವೆಂದು ತಿಳಿಯುತ್ತೇವೆ. ವಾಸ್ತವವಾಗಿ ಇದು ಕೀಳರಿಮೆಯ ಇನ್ನೊಂದು ರೂಪ.

ರಾಜಕೀಯದ ಅಧ್ಯಾಯವನ್ನೇ ನೋಡೋಣ. ಅನುಭವ ಮಂಟಪವು ಜಗತ್ತಿನ ಮೊದಲ ಸಂಸತ್ತು ಎಂಬುದು ಅಲ್ಲಿಯ ಪ್ರತಿಪಾದನೆ. ವೇದಿಕೆಗಳ ಮೇಲೆ ಈ ಮಾತನ್ನು ತಾವು ನೂರು ಸಲ ಕೇಳಿದ್ದೀರಿ. 2020ರ ಡಿಸೆಂಬರ್ 10ರಂದು ದಿಲ್ಲಿಯಲ್ಲಿ ಹೊಸ ಸಂಸತ್ ಭವನಕ್ಕೆ ಅಡಿಗಲ್ಲನ್ನಿಟ್ಟಾಗ ಪ್ರಧಾನಮಂತ್ರಿಗಳೂ ಅನುಭವ ಮಂಟಪವನ್ನು ಸ್ಮರಿಸಿದರು. ಸಂತೋಷವೇ. ಆದರೆ ಭಾಷಣಕ್ಕೆ ಸಲ್ಲುವ ಮಾತೆಲ್ಲವೂ ಸಂಶೋಧನೆಗೆ ಸಲ್ಲುವುದಿಲ್ಲ. ಮಂಟಪದ ಸಂವಾದಗಳ ವಿಸ್ತಾರವಾದ ಚಿತ್ರವು ನಮಗೆ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಅದನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಹದಿನೈದನೆಯ ಶತಮಾನದವರು. ಎಂದರೆ ಕಲ್ಯಾಣಕ್ಕೂ ಆ ಗ್ರಂಥಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೇ 1965ರಿಂದ 1972ರ ಅವಧಿಯಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಹೊರತಂದಿದೆ. ಧಾರವಾಡದಲ್ಲಿ ಕುಳಿತು ಬರೆಯುವವನಿಗೆ ಅದು ಕೈಗೆಟುಕದ ಗ್ರಂಥವಲ್ಲ. ಅದನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು ಅನುಭಾವದ ನಿಕಷ. ಸಾಧಕನನ್ನು ಪ್ರಭುದೇವರು ಮಾತಿನಿಂದ ಮಾತಿಗೆ ಒರೆಗೆ ಹಚ್ಚುವ ಪರಿ.

ಸಂಸತ್ತೆಂದರೆ ಶಾಸನ ಮಾಡುವ, ಕರ ವಿಧಿಸಲು ಒಪ್ಪಿಗೆ ಕೊಡುವ, ಆಳುವವರನ್ನು ಪ್ರಶ್ನಿಸಿ ಕೆಳಗಿಳಿಸಬಲ್ಲ ಸಭೆ. ಕಲ್ಯಾಣದಲ್ಲಿ ಆಳುತ್ತಿದ್ದವನು ಬಿಜ್ಜಳ. ಬಸವಣ್ಣನವರು ಅವನ ಭಂಡಾರಿಗಳು. ಮಂಟಪಕ್ಕೆ ಬಿಜ್ಜಳನ ಖಡ್ಗವನ್ನು ತಡೆಯುವ ಅಧಿಕಾರವಿದ್ದಿದ್ದರೆ ಕಲ್ಯಾಣದ ಕಥೆ ಹಾಗೆ ಮುಗಿಯುತ್ತಿರಲಿಲ್ಲ. ಮಂಟಪದ ಹಿರಿಮೆ ಬೇರೆಯೇ ಇದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಮುಂತಾದ ದುಡಿಮೆಯ ಜನ ಮಂತ್ರಿಯೊಡನೆ ಸರಿಸಮನಾಗಿ ಕುಳಿತು ಸತ್ಯವನ್ನು ಕುರಿತು ವಾದಿಸಿದರೆಂದು ನಮ್ಮ ಪರಂಪರೆ ನೆನಪಿಟ್ಟುಕೊಂಡಿದೆ. ಯಾವ ಹಳೆಯ ಸಂಸತ್ತಿನ ಚರಿತ್ರೆಯಲ್ಲಿ ಅಂಬಿಗನಿಗೆ ಅಂಥ ಪೀಠವಿತ್ತು? ಇಂಗ್ಲೆಂಡಿನಲ್ಲಿ 1215ರ ಮ್ಯಾಗ್ನಾ ಕಾರ್ಟಾವನ್ನು ಪಡೆದವರು ಶ್ರೀಮಂತ ಸಾಮಂತರು. ಹೀಗಿರುವಾಗ ಸಂಸತ್ತೆಂಬ ಎರವಲು ಹೆಸರನ್ನು ಕೊಟ್ಟು ಮಂಟಪವನ್ನು ಹಿಗ್ಗಿಸಿದೆವೆಂದು ತಿಳಿಯುವವರು ಅದನ್ನು ಕುಗ್ಗಿಸುತ್ತಾರೆ.

ಸಮಾಜವನ್ನು ಕುರಿತ ಅಧ್ಯಾಯದಲ್ಲಿ ಇನ್ನೊಂದು ಬಗೆಯ ತೊಡಕಿದೆ. ಉದಾರವಾದಿಯಾದ ಮಿಲ್ ತನ್ನ 1859ರ ಗ್ರಂಥದಲ್ಲಿ, ಎದುರಾಳಿಯ ಅಭಿಪ್ರಾಯವೂ ಸತ್ಯವಾಗಿರಬಹುದು, ಆದ್ದರಿಂದ ಅದನ್ನು ಅಡಗಿಸಲಾಗದು ಎಂದು ವಾದಿಸಿದನು. ಶರಣರ ದಾರಿ ಅದಲ್ಲ. ಅವರಿಗೆ ಸತ್ಯದ ವಿಷಯದಲ್ಲಿ ಸಂದೇಹವಿರಲಿಲ್ಲ. ಏಕದೇವನಿಷ್ಠೆಯಲ್ಲಿ ಅವರು ಕಠೋರರು. ಭವಿ-ಭಕ್ತರ ಭೇದವನ್ನು ಸ್ಪಷ್ಟವಾಗಿ ಎತ್ತಿಹಿಡಿದವರು. ಅನ್ಯದೈವವನ್ನು ಕುರಿತ ಅವರ ಕೆಲವು ಮಾತುಗಳು ಇಂದಿನ ಕಿವಿಗೆ ಚುಚ್ಚುತ್ತವೆ. ನಮ್ಮ ಸಂಶೋಧಕನು ಇಂಥ ವಚನಗಳನ್ನು ಒಂದನ್ನೂ ಮುಟ್ಟಿಲ್ಲ. ಕಣದಲ್ಲಿ ತನಗೆ ಬೇಕಾದ ಕಾಳನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಹೊಟ್ಟೆಂದು ತೂರುವವನು ಬೆಳೆಯ ಲೆಕ್ಕವನ್ನು ಹೇಳಲಾರ. ಶರಣರು ಜಾತಿಯನ್ನು ಅಲ್ಲಗಳೆದದ್ದು ವ್ಯಕ್ತಿಯ ಹಕ್ಕಿನ ತತ್ತ್ವದಿಂದಲ್ಲ. ಲಿಂಗವನ್ನು ಧರಿಸಿದ ಅಂಗಕ್ಕೆ ಹೊಲೆಯಿಲ್ಲವೆಂಬ ನಂಬುಗೆಯಿಂದ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹಕ್ಕೆ ಅವರು ತೆತ್ತ ಬೆಲೆಯನ್ನು ಆ ನಂಬುಗೆಯಿಂದಲೇ ತಿಳಿಯಬೇಕು. ಎರಡು ದಾರಿಗಳು ಒಂದು ಊರನ್ನು ಸೇರಬಹುದು. ದಾರಿಗಳು ಒಂದೇ ಎಂದು ಬರೆಯಬಾರದು.

ಇದೇ ಅಧ್ಯಾಯವು ಹನ್ನೆರಡನೆಯ ಶತಮಾನದಿಂದ ಒಮ್ಮೆಗೇ ನಮ್ಮ ಕಾಲಕ್ಕೆ ಜಿಗಿದು, ಲಿಂಗಾಯತ ಸಮಾಜವು ಈ ಉದಾರ ಪರಂಪರೆಯನ್ನು ಮುಂದುವರಿಸಿತೆಂದು ಮುಗಿಯುತ್ತದೆ. ಮುಂದುವರಿಸಿದೆವೇ? 1920ರ ದಶಕದಲ್ಲಿ ಸರ್ ಸಿದ್ದಪ್ಪ ಕಂಬಳಿಯವರಂಥವರು ಬ್ರಾಹ್ಮಣೇತರ ಚಳುವಳಿಯ ಮುಂದಾಳುಗಳಾಗಿ ಓದಿಗೂ ನೌಕರಿಗೂ ಸಮಾನ ಅವಕಾಶ ಕೇಳಿದರು. ಅದು ನ್ಯಾಯವಾದ ಬೇಡಿಕೆ. ಆದರೆ 1975ರಲ್ಲಿ ಹಾವನೂರ ಆಯೋಗದ ವರದಿ ಬಂದು, ನಮಗಿಂತ ಹಿಂದುಳಿದವರ ಪಾಲನ್ನು ಗುರುತಿಸಿ, ನಮ್ಮನ್ನು ಪಟ್ಟಿಯಿಂದ ಹೊರಗಿಟ್ಟಾಗ ನಮ್ಮ ಸಮಾಜ ಹೇಗೆ ಕೆರಳಿತೆಂಬುದು ಹಿರಿಯರಿಗೆ ನೆನಪಿದೆ. ಆಯೋಗದ ಲೆಕ್ಕ ತಪ್ಪೋ ಸರಿಯೋ ಎಂಬುದು ಚರ್ಚೆಯ ವಿಷಯ. ನಮ್ಮ ಸರದಿಯಲ್ಲಿ ಸಮಾನತೆಯೆಂದು ಕರೆದುದನ್ನು ಇತರರ ಸರದಿಯಲ್ಲಿ ಅನ್ಯಾಯವೆಂದು ಕರೆದೆವೋ ಎಂಬ ಪ್ರಶ್ನೆಯನ್ನು ಸಂಶೋಧಕನು ಕೇಳಲೇಬೇಕಾಗಿತ್ತು. ಶಿವಶರಣೆಯರ ಸಮಾನತೆಗೆ ಇಪ್ಪತ್ತು ಪುಟಗಳನ್ನು ಮೀಸಲಿಟ್ಟವನು, 1970ರಲ್ಲಿ ಇದೇ ಧಾರವಾಡದಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನು ಏರಿದ ಮೇಲೆ ನಮ್ಮ ಎಷ್ಟು ಮಠಗಳು ಸ್ತ್ರೀಯರಿಗೆ ಪೀಠ ಬಿಟ್ಟುಕೊಟ್ಟವೆಂದು ಒಂದು ಪುಟವನ್ನಾದರೂ ಬರೆಯಬಹುದಾಗಿತ್ತು. ಈ ಪ್ರಶ್ನೆ ನಮ್ಮ ಮಠಕ್ಕೂ ಸಲ್ಲುತ್ತದೆಂದು ಬಲ್ಲೆವು.

ಶಿಕ್ಷಣದ ಅಧ್ಯಾಯವು ಪ್ರಬಂಧದಲ್ಲಿ ಉತ್ತಮವಾದುದು. 1883ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1904ರಲ್ಲಿ ಇದೇ ಊರಿನಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಸೇರಿದ ಅಖಿಲ ಭಾರತ ವೀರಶೈವ ಮಹಾಸಭೆ, ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದ ಸಿರಸಂಗಿ ಲಿಂಗರಾಜರು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನ ತರುಣರು, ವಕೀಲಿ ವೃತ್ತಿಯನ್ನು ಬದಿಗೊತ್ತಿ ಮನೆಮನೆ ಅಲೆದು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು, ಇವರೆಲ್ಲರ ಚರಿತ್ರೆ ಇಲ್ಲಿ ಕ್ರಮವಾಗಿ ಬಂದಿದೆ. ಸಮಾಜವೊಂದರ ಏಳಿಗೆಗೆಂದು ಹುಟ್ಟಿದ ಈ ಸಂಸ್ಥೆಗಳು ಕಾಲಕ್ರಮದಲ್ಲಿ ಎಲ್ಲ ಜಾತಿಮತಗಳ ಮಕ್ಕಳಿಗೆ ನೆರಳಾದುದು ನಿಜವಾದ ಔದಾರ್ಯ.

ಆದರೂ ಸಂಶೋಧಕನು ಕೈಗೆ ಬಂದ ರತ್ನವೊಂದನ್ನು ಕಾಣದೆ ದಾಟಿಹೋಗಿದ್ದಾನೆ. ಇಂಗ್ಲಿಷಿನ ಲಿಬರಲ್ ಎಂಬ ಪದಕ್ಕೆ ಮೂಲ ಲ್ಯಾಟಿನ್ ಭಾಷೆಯ ಲಿಬರ್, ಎಂದರೆ ದಾಸನಲ್ಲದವನು, ಸ್ವತಂತ್ರನು. ರೋಮಿನಲ್ಲಿ ಲಿಬರಲ್ ವಿದ್ಯೆಯೆಂದರೆ ಬಿಡುವುಳ್ಳ ಸ್ವತಂತ್ರ ಪುರುಷನಿಗೆ ತಕ್ಕ ವಿದ್ಯೆ. ಮೈಮುರಿದು ದುಡಿಯುವ ಕುಶಲಕರ್ಮಿಗೂ ಗುಲಾಮನಿಗೂ ಅದು ಸಲ್ಲದು. ಶರಣರು ಈ ಮಾತನ್ನು ತಲೆಕೆಳಗು ಮಾಡಿದರು. ಅವರಲ್ಲಿ ಜ್ಞಾನವು ಬಿಡುವಿನಿಂದ ಬರಲಿಲ್ಲ, ಕಾಯಕದ ನಡುವಿನಿಂದ ಬಂದಿತು. ದೋಣಿ, ಒಗೆತ, ಚಮ್ಮಾರಿಕೆ, ನೂಲು ಇವುಗಳ ಭಾಷೆಯಲ್ಲಿಯೇ ಅದು ಮಾತಾಡಿತು. ಹಾಗೆಯೇ ಕನ್ನಡದ ಉದಾರ ಶಬ್ದಕ್ಕೆ ಕೊಡುಗೈ ಎಂಬ ಅರ್ಥವೇ ಮುಂದು. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವ ಅದರಲ್ಲಿ ಅಡಗಿದೆ. ಶರಣರು ದಾನವನ್ನು ಬಿಟ್ಟು ದಾಸೋಹವನ್ನು ಹಿಡಿದರು. ಅಲ್ಲಿ ನೀಡುವವನೇ ದಾಸ. ಲಿಬರಲ್ ಪದವು ದಾಸನಲ್ಲದವನನ್ನು ಹೊಗಳಿದರೆ, ದಾಸೋಹವು ಸ್ವಇಚ್ಛೆಯಿಂದ ದಾಸನಾದವನನ್ನು ಹೊಗಳುತ್ತದೆ. ಈ ವ್ಯತ್ಯಾಸವನ್ನು ಬೆಳೆಸಿದ್ದರೆ ಈ ಪ್ರಬಂಧವು ಪಶ್ಚಿಮದ ವಿದ್ವಾಂಸರಿಗೂ ಹೊಸದನ್ನು ಹೇಳುತ್ತಿತ್ತು. ನಮ್ಮವರ ಹೆಸರಿನ ವಿದ್ಯಾಲಯಗಳ ಬಾಗಿಲಲ್ಲಿ ಶುಲ್ಕದ ಅಂಕಿಯನ್ನು ಕೇಳಿ ಹಿಂದಿರುಗುವ ಬಡವನ ಮಗನ ಮುಂದೆ ದಾಸೋಹದ ಮಾತಿಗೆ ಏನು ಅರ್ಥವೆಂಬ ಪ್ರಶ್ನೆಯೂ ತಾನಾಗಿ ಏಳುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಪ್ರಬಂಧದಲ್ಲಿ ಇಲ್ಲದ ಅಧ್ಯಾಯದ ಮಾತನ್ನು ಹೇಳಬೇಕು. ಅವನು ಆಧಾರವಾಗಿಟ್ಟುಕೊಂಡ ಹದಿನೈದು ಸಂಪುಟಗಳ ಪ್ರಧಾನ ಸಂಪಾದಕರು ಡಾ. ಎಂ. ಎಂ. ಕಲಬುರ್ಗಿಯವರು. ಅವರ ಹೆಸರು ಅಡಿಟಿಪ್ಪಣಿಗಳಲ್ಲಿ ಹತ್ತಾರು ಕಡೆ ಬರುತ್ತದೆ. ಅವರಿಗೆ ಆದುದೇನೆಂಬುದು ಎಲ್ಲಿಯೂ ಬರುವುದಿಲ್ಲ. ಅವರ 'ಮಾರ್ಗ'ದ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನವರ ಜನನವನ್ನೂ ನೀಲಾಂಬಿಕೆಯವರನ್ನೂ ಕುರಿತು ಬಂದ ಲೇಖನಗಳು ನಮ್ಮ ಸಮಾಜವನ್ನು ಕೆರಳಿಸಿದವು. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡರು. ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೇ ವರ್ಣಿಸಿದರು. ಆಗ ನಾವು ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿ. ಆ ಲೇಖನಗಳನ್ನು ಓದದೆಯೇ ರೋಷಗೊಂಡವರ ಸಾಲಿನಲ್ಲಿ ನಾವೂ ನಿಂತಿದ್ದೆವು. ಅನೇಕ ವರ್ಷಗಳ ಬಳಿಕ ಅವನ್ನು ಓದಿದೆವು. ಎಲ್ಲ ನಿರ್ಣಯಗಳನ್ನೂ ಇಂದಿಗೂ ಒಪ್ಪಲಾರೆವು. ಆದರೆ ಅವಕ್ಕೆ ಉತ್ತರವಾಗಿ ಬೇಕಾಗಿದ್ದುದು ಇನ್ನೊಂದು ಲೇಖನ. ನಾವು ಕೊಟ್ಟದ್ದು ಕೂಗು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಕ್ಕಿ ಕೊಂದ ಸುದ್ದಿಯನ್ನು ಕೇಳಿದಾಗ, ಇಪ್ಪತ್ತಾರು ವರ್ಷಗಳ ಹಿಂದಿನ ಆ ಕೂಗು ನಮ್ಮ ಕಿವಿಗೆ ಮತ್ತೆ ಬಂದಿತು. ಆ ಕೂಗಿಗೂ ಈ ಗುಂಡಿಗೂ ನಂಟು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಅಂದು ನಮ್ಮ ಪಾಲಿನ ಕರ್ತವ್ಯದಲ್ಲಿ ನಾವು ಸೋತೆವೆಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ.

ನಮ್ಮ ಸಂಶೋಧಕನು ಈ ಸಂಗತಿಯನ್ನು ಏಕೆ ಬಿಟ್ಟನೆಂದು ಕೇಳಿದೆವು. ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, "ಮಠದವರು ಬೇಜಾರ ಆಗ್ತಾರಂತ ಬಿಟ್ಟೆರಿ ಅಜ್ಜಾರ" ಎಂದನು. ಪ್ರಬಂಧದ ಮುನ್ನೂರು ಪುಟಗಳಿಗಿಂತ ಹೆಚ್ಚಿನ ವಿಚಾರವನ್ನು ಆ ಒಂದು ಮಾತು ಹೇಳಿತು. ಉದಾರ ವಿಚಾರಗಳನ್ನು ಕುರಿತು ಬರೆಯುವ ತರುಣನು ಮಠಕ್ಕೆ ಅಂಜಿ ಬರೆಯಬೇಕಾದರೆ, ದೋಷದ ಪಾಲು ಅವನಿಗಿಂತ ನಮಗೇ ಹೆಚ್ಚು.

ಆದುದರಿಂದ ಅವನಿಗೆ ಹೀಗೆ ತಿಳಿಸಿದ್ದೇವೆ. ಪುಸ್ತಕವಾಗಿ ಅಚ್ಚು ಹಾಕಿಸುವ ಮೊದಲು ಅವನು ಸಂಸತ್ತಿನ ಮಾತನ್ನು ತೆಗೆದು ಮಂಟಪವನ್ನು ಮಂಟಪವಾಗಿಯೇ ಬರೆಯಬೇಕು. ಕಠೋರವಾದ ವಚನಗಳನ್ನೂ ಎದುರಿಸಬೇಕು. 1989ರ ಅಧ್ಯಾಯವನ್ನು ದಾಕ್ಷಿಣ್ಯವಿಲ್ಲದೆ ಸೇರಿಸಬೇಕು, ಅಂದು ನಾವು ಎಲ್ಲಿ ನಿಂತಿದ್ದೆವೆಂಬುದನ್ನೂ ಕೂಡಿಸಿ. ಅಲ್ಲಿಯವರೆಗೆ ಪ್ರಸಾದ ನಿಲಯದಲ್ಲಿ ಅವನ ಕೋಣೆ ಹಾಗೆಯೇ ಇರುತ್ತದೆ. ಮಠದ ಓಲೆಗರಿಗಳ ಕಪಾಟಿನ ಬೀಗದ ಕೈಯನ್ನೂ ಅವನಿಗೆ ಕೊಟ್ಟಿದ್ದೇವೆ.

ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಆ ಪುಸ್ತಕ ಹೊರಬಂದಾಗ ತಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಮೊದಲು ಓದಿರಿ. ಓದಿದ ಮೇಲೆಯೂ ಸಿಟ್ಟು ಉಳಿದರೆ, ಉತ್ತರವನ್ನು ಬರೆದು ಈ ಪತ್ರಿಕೆಗೇ ಕಳುಹಿಸಿಕೊಡಿರಿ. ಅದನ್ನು ಪ್ರಕಟಿಸುವ ಹೊಣೆ ನಮ್ಮದು.

ಶರಣು ಶರಣಾರ್ಥಿ.