ಹಿಂದಿನ ಶಾಕ್ ಬಿಚ್ಚುವ ಸುಖ

ಮಾರುತಿ ಆಲ್ಟೊ ಕಾರಿನ ಹಿಂಬದಿಯ ವಿನ್ಯಾಸ ನನಗೆ ತುಂಬ ಇಷ್ಟ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಭಾರ ಹೊರುವುದು ಸ್ಪ್ರಿಂಗ್. ಗುಂಡಿ ದಾಟಿದ ಮೇಲೂ ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್. ಒಳಗಿನ ಪಿಸ್ಟನ್ನಿನ ಸಣ್ಣ ಕಿಂಡಿಗಳಲ್ಲಿ ಎಣ್ಣೆ ತಿಣುಕಿ ಹಾಯುತ್ತದೆ, ಕುಲುಕಾಟವೆಲ್ಲ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಎಂಥ ಚೆಂದದ ಲೆಕ್ಕಾಚಾರ!

ಮುಂದಿನ ಚಕ್ರಗಳಲ್ಲಿ ಎರಡೂ ಒಟ್ಟಿಗೇ ಕೂತಿರುವುದರಿಂದ ಅದುಮಿದ ಸ್ಪ್ರಿಂಗ್ ಸಿಡಿಯುವ ಅಪಾಯವಿದೆ. ಅದನ್ನು ಗ್ಯಾರೇಜಿಗೇ ಬಿಡಬೇಕು. ಹಿಂದಿನದು ಮನೆಯಂಗಳದ ಕೆಲಸ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಲೇಬಾರದು. ಆಕ್ಸಲ್‌ಗೂ ಜಾಕಿನ ಆಸರೆ ಬೇಕು. ಇಲ್ಲದಿದ್ದರೆ ಬೋಲ್ಟ್ ಕಳಚಿದೊಡನೆ ಅದು ಕೆಳಗೆ ಜಗ್ಗಿ ಬ್ರೇಕ್ ಹೋಸನ್ನು ಎಳೆಯುತ್ತದೆ.

ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟ ನಟ್ಟು ಕಿರ್ರೆಂದು ಸಡಿಲಗೊಳ್ಳುವ ಗಳಿಗೆಯ ಖುಷಿಯೇ ಬೇರೆ. ಸತ್ತುಹೋದ ಶಾಕನ್ನು ಕೈಯಲ್ಲಿ ಅದುಮಿದರೆ ತಡೆಯೇ ಇಲ್ಲದೆ ಒಳಗಿಳಿಯುತ್ತದೆ, ಹೊರಮೈಯಲ್ಲಿ ಎಣ್ಣೆಯ ಜಿಡ್ಡು. ಹೊಸದು ಗ್ಯಾಸ್ ತುಂಬಿದ್ದಾದರೆ ಅದುಮಿದಷ್ಟೂ ತಾನೇ ಮೆಲ್ಲಗೆ ಚಾಚಿಕೊಳ್ಳುತ್ತದೆ. ಎರಡೂ ಬದಿ ಒಟ್ಟಿಗೇ ಬದಲಿಸಬೇಕು.

ನನಗೆ ಅತಿ ಸೊಗಸೆನಿಸುವುದು ಕೊನೆಯ ಬಿಗಿತ. ರಬ್ಬರ್ ಬುಷ್ ಇರುವ ಬೋಲ್ಟನ್ನು ಕಾರು ಚಕ್ರಗಳ ಮೇಲೆ ಭಾರ ಊರಿದಾಗಲೇ ಪೂರ್ತಿ ಬಿಗಿಯಬೇಕು. ಎತ್ತಿರುವಾಗ ಬಿಗಿದರೆ ಕಾರು ಇಳಿದ ಮೇಲೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಸೀಳುತ್ತದೆ.