ಅಮೃತಮತಿಯ ಪಾತ್ರ: ಒಂದು ವಿವೇಚನೆ

ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಮಿಗೆ ಸಾಗುವ ರೈಲುಮಾರ್ಗದಲ್ಲಿ ದೊರೆಯುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕಾಗಿಣಾ ತೀರದ ಈ ನಗರದಲ್ಲಿ ಹತ್ತನೆಯ ಶತಮಾನದ ಕವಿ ಪುಷ್ಪದಂತನು ಭರತಮಂತ್ರಿಯ ಮಗನಾದ ನನ್ನನೆಂಬವನ ಆಶ್ರಯದಲ್ಲಿದ್ದು, ಅಪಭ್ರಂಶ ಭಾಷೆಯಲ್ಲಿ ‘ಜಸಹರಚರಿಉ’ ಕಾವ್ಯವನ್ನು ರಚಿಸಿದನು. ಅದೇ ಯಶೋಧರನ ಕಥೆಯನ್ನು ಕ್ರಿ.ಶ. 1209ರಲ್ಲಿ ಜನ್ನನು ‘ಯಶೋಧರಚರಿತೆ’ಯಾಗಿ ಕನ್ನಡಕ್ಕೆ ಕೊಟ್ಟನು. ಪತಿಯನ್ನು ವಂಚಿಸಿದ ರಾಣಿ ಅಮೃತಮತಿ ಅಂದಿನಿಂದ ಓದುಗರ ನಿಂದೆಗೆ ಗುರಿಯಾಗಿ ಉಳಿದಿದ್ದಾಳೆ. ಆದರೆ ಕೇವಲ ನಿಂದೆಯಿಂದ ಆ ಪಾತ್ರದ ವಿಚಾರ ಮುಗಿಯುವುದಿಲ್ಲ.

ಕಿವಿಗೆ ಬಿದ್ದ ಗಾನವೊಂದಕ್ಕೆ ರಾಣಿ ಮನಸೋಲುತ್ತಾಳೆ. ಹಾಡಿದವನು ಮಾವುತ, ವಿಕಾರರೂಪಿ. ಅವನನ್ನು ಕಂಡು ಬಂದ ಸಖಿ ಹೇಸಿ ನುಡಿದರೂ ರಾಣಿಯ ಮನಸ್ಸು ಕದಲದು. ತಡವಾಗಿ ಬಂದಳೆಂದು ಅವನು ಹೊಡೆದಾಗ ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಅವನೊಬ್ಬನನ್ನುಳಿದು ಮಿಕ್ಕ ಗಂಡಸರೆಲ್ಲ ತನಗೆ ಸೋದರರೆನ್ನುತ್ತಾಳೆ. ಪತಿವ್ರತೆ ಆಡಬೇಕಾದ ಮಾತು ಇಲ್ಲಿ ಜಾರೆಯ ಬಾಯಲ್ಲಿ ಬಂದಿದೆ. ಇದನ್ನು ಬರಿಯ ಭೋಗಲಾಲಸೆಯೆನ್ನುವುದು ಕಷ್ಟ. ಅರಮನೆಯ ಸುಖವನ್ನು ಬಿಟ್ಟು ಪೆಟ್ಟನ್ನು ಆರಿಸಿಕೊಂಡವಳಲ್ಲಿ ನಿಷ್ಠೆಯೂ ಇದೆ. ಅದು ನಿಲ್ಲಬಾರದ ಕಡೆ ನಿಂತಿದೆ.

ಹಾಗೆಂದು ಅವಳ ಅಪರಾಧ ಹಗುರವಲ್ಲ. ಗಂಡನಿಗೂ ಅತ್ತೆ ಚಂದ್ರಮತಿಗೂ ಅನ್ನದಲ್ಲಿ ವಿಷವಿಕ್ಕಿದವಳು ಅವಳೇ. ಒಲವು ಮತ್ತು ಕೊಲೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ವಿಮರ್ಶೆ ದಾರಿ ತಪ್ಪುತ್ತದೆ. ಮೊದಲನೆಯದು ಅವಳನ್ನು ಆವರಿಸಿದ್ದು. ಎರಡನೆಯದು ಅವಳು ಯೋಚಿಸಿ ಮಾಡಿದ್ದು.

ಸಂಕಲ್ಪವೇ ಪಾಪದ ಬೀಜವೆಂಬುದು ಈ ಕಾವ್ಯದ ತಿರುಳು. ರಾಣಿಯ ವಂಚನೆಯನ್ನು ಕಣ್ಣಾರೆ ಕಂಡೂ ಹಿರಿದ ಕತ್ತಿಯನ್ನು ತಡೆದುಕೊಂಡ ಯಶೋಧರನು, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟದ್ದಕ್ಕಾಗಿ ತಾಯಿಯೊಡನೆ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಬೇಕಾಯಿತು. ಅವನ ಮನಸ್ಸಿನ ಒಂದೊಂದು ಎಳೆಯನ್ನೂ ಕವಿ ಬಿಡಿಸಿ ನೋಡುತ್ತಾನೆ. ತೊಳಲಿದ ಆ ಜೀವಗಳಿಗೆ ಕೊನೆಗೆ ಬಿಡುಗಡೆಯ ದಾರಿ ಕಾಣುತ್ತದೆ. ಅಮೃತಮತಿಗೆ ದೊರೆಯುವುದು ನರಕವೊಂದೇ.

ಇದಕ್ಕೆ ಕಾರಣ ಕಥನದ ರಚನೆಯಲ್ಲಿಯೇ ಇದೆ. ಮಾರಿದತ್ತನ ಮುಂದೆ ಕಥೆ ಹೇಳುವವನು ಅಭಯರುಚಿ. ಹಿಂದೊಮ್ಮೆ ಯಶೋಧರನಾಗಿದ್ದು ಅವಳ ವಿಷವುಂಡು ಸತ್ತವನು ಅವನೇ. ಎಂದರೆ ಅಮೃತಮತಿಯ ವ್ಯಾಜ್ಯದಲ್ಲಿ ನಮಗೆ ಕೇಳಿಸುವುದು ಫಿರ್ಯಾದಿಯ ಹೇಳಿಕೆ ಮಾತ್ರ. ಆ ಹೇಳಿಕೆಯೊಳಗೇ ಅವಳ ಮಾತಿಗೂ ಎಡೆಯಿಟ್ಟದ್ದು ಜನ್ನನ ದೊಡ್ಡತನ.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ರಾಣಿಯನ್ನು ರಂಗಕ್ಕೆ ತಂದು, ಅವಳ ಬಾಯಿಂದಲೇ ಮಾತಾಡಿಸಿದರು. ಅದಕ್ಕೆ ಬೇಕಾದ ಅವಕಾಶ ಹಳೆಯ ಕಾವ್ಯದಲ್ಲಿಯೇ ಇತ್ತು. ಓದುಗನು ಅಮೃತಮತಿಯ ವಿಷಪಾತ್ರೆಯನ್ನು ಕ್ಷಮಿಸಬೇಕಾಗಿಲ್ಲ. ಆದರೆ ಯಶೋಧರನ ಸಂಕಲ್ಪವನ್ನು ತೂಗಿದಷ್ಟೇ ಸೂಕ್ಷ್ಮವಾಗಿ ಅವಳ ಮನಸ್ಸನ್ನೂ ತೂಗುವುದು ಆ ಕಾವ್ಯದ ಧರ್ಮಕ್ಕೇ ಒಪ್ಪುವ ನ್ಯಾಯ.